ಖಾಲಿ ಡಿವಿಡಿ ತಗೊಳ್ಳೋವಾಗ ಹತ್ತು ರೂಪಾಯಿ ಮುಖ ನೋಡ್ಬೇಡ್ರಮ್ಮ

ಹೋದ ವಾರ ಪಕ್ಕದ ಮನೆ ಅಕ್ಕ ಬಂದು, "ಮಗಳ ಮದುವೆ ವಿಡಿಯೋ ಪೆನ್‌ಡ್ರೈವಲ್ಲಿ ಕೊಟ್ಟವ್ರೆ ಕಣೇ, ಡಿವಿಡಿಗೂ ಹಾಕ್ಸೋಣಾಂತ. ಯಾವ ಡಿವಿಡಿ ತರ್ಲಿ? ಅಂಗಡೀಲಿ ಅಗ್ಗದ್ದೂ ಐತೆ, ಜಾಸ್ತೀದೂ ಐತೆ" ಅಂತ ಕೇಳಿದ್ರು. ಹಿಟ್ಟು ನಾದ್ತಾ ನಾದ್ತಾ ಒಂದಷ್ಟು ಹೇಳ್ದೆ. ಬಾಯಲ್ಲಿ ಹೇಳಿದ್ದು ಮರ್ತೋಗ್ತದೆ, ಅದಕ್ಕೇ ಇಲ್ಲಿ ಬರೀತಿದೀನಿ.

ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಮನೆ ನೆನಪು ಇಡೋ ಡಿಸ್ಕು ಯಾವುದು, ಅದನ್ನ ಹೆಂಗೆ ಬರ್ನ್ ಮಾಡ್ಬೇಕು ಅನ್ನೋದನ್ನ ಅಂಗಡಿ ಹುಡುಗನ ಕೈಗೆ ಬಿಡಬಾರದು. ಮನೆ ಹೆಂಗಸರೇ ತಿಳ್ಕೊಂಡು ಕೇಳಿ ಮಾಡಿಸ್ಬೇಕು, ಆದ್ರೆ ತಾವೇ ಮಾಡ್ಬೇಕು. ಉಪ್ಪಿನಕಾಯಿಗೆ ಯಾವ ಜಾಡಿ ಅಂತ ನಾವು ನೋಡಲ್ವಾ? ಇದೂ ಅಂಗೇ.

ಈ ಮಾತು ನಂಗೆ ಸುಮ್ನೆ ಬಂದಿದ್ದಲ್ಲ. 1999ರಲ್ಲಿ ನಮ್ಮತ್ತೆ ನಮಗೆ ಮಕ್ಕಳಾಗ್ಲಿ ಅಂತ ಹರಕೆ ಹೊತ್ತು ಇಲ್ಲೇ ವಿದುರಾಶ್ವತ್ಥದಲ್ಲಿ ನಾಗಪ್ರತಿಷ್ಠೆ ಮಾಡಿಸಿದ್ರು. ಭಾವನೋರು ವಿಡಿಯೋ ಕ್ಯಾಮರಾದಲ್ಲಿ ಹಿಡಿದಿದ್ರು. ಹಿಂದುಗಡೆ ಆ ಹಳೇ ಅಶ್ವತ್ಥ ಮರ, ಸುತ್ತ ಸಾಲುಸಾಲು ನಾಗರಕಲ್ಲು, ಕೊನೇಲಿ ನಮ್ಮತ್ತೆ ಆರತಿ ಹಾಡು. ಮಾರನೇ ವರ್ಷ ಮಗಳು ಹುಟ್ಟಿದ್ಲು. 2001ರಲ್ಲಿ ಆ ಮರಾನೇ ಬಿದ್ದೋಯ್ತು. ಅಂದ್ರೆ ಆ ಕ್ಯಾಸೆಟ್ಟಲ್ಲಿ ಇದ್ದಿದ್ದು ಬರೀ ನಮ್ಮನೆ ಪೂಜೆ ಅಲ್ಲ, ಊರಿನ ಮರಾನೂ ಇತ್ತು.

2008ರಲ್ಲಿ ಒಂದು ಸ್ಟುಡಿಯೋದಲ್ಲಿ ಅದನ್ನ ಡಿವಿಡಿ ಮಾಡಿಸಿದ್ವಿ. ಎರಡು ಡಿಸ್ಕು, ನಮಗೊಂದು, ಹಿಂದೂಪುರದಲ್ಲಿರೋ ನಮ್ಮ ವಾರಗಿತ್ತಿಗೆ ಒಂದು. ನಮ್ಮದರ ಮೇಲೆ ಬಣ್ಣದ ಕಾಗದ ಅಂಟಿಸಿ ಅಂದವಾಗಿ ಕೊಟ್ಟಿದ್ರು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು, "ಡಿವಿಡಿ ಐತಲ್ಲ" ಅಂತ ಸುಣ್ಣ ಹೊಡೆಯೋವಾಗ ನಾನೇ ಎಸ್ದೆ. ಅತ್ತೆ 2018ರಲ್ಲಿ ಹೋದ್ರು. ವರ್ಷದ ತಿಥಿ ದಿನ ಎಲ್ರೂ ಕೂತು ಡಿಸ್ಕು ಹಾಕಿದ್ವಿ. ಮರ ಬಂತು, ಕಲ್ಲು ಬಂತು, ಆರತಿ ತಟ್ಟೆ ಕೈಗೆ ತಗೊಂಡ್ರು, ಅಷ್ಟೇ. ಚಿತ್ರ ಚೌಕಚೌಕವಾಗಿ ಒಡೆದು ನಿಂತೋಯ್ತು. ನನ್ನ ಮಗಳಿಗೆ ಅವಳು ಹುಟ್ಟೋಕೆ ಮುಂಚೆ ಅವಳಿಗೋಸ್ಕರ ಅಜ್ಜಿ ಹಾಡಿದ್ದು ಕೇಳಿಸ್ಲೇ ಇಲ್ಲ.

ಆಮೇಲೆ ಗೊತ್ತಾಯ್ತು, ಸಿನಿಮಾ ಡಿವಿಡಿಗೂ ನಾವು ಬರ್ನ್ ಮಾಡೋ ಡಿವಿಡಿಗೂ ವ್ಯತ್ಯಾಸ ಐತೆ ಅಂತ. ಸಿನಿಮಾದ್ದು ಕಾರ್ಖಾನೇಲಿ ಅಚ್ಚು ಒತ್ತಿದ್ದು. ನಮ್ಮದರಲ್ಲಿ ತೆಳುವಾಗಿ ಒಂದು ಬಣ್ಣದ ಪದರ ಇರ್ತದೆ, ಲೇಸರ್ ಬಿಸಿ ಅದರ ಮೇಲೆ ಗುರುತು ಹಾಕ್ತದೆ. ಬಿಸಿಲು, ಸೆಕೆ, ತೇವ ತಾಕಿದ್ರೆ ಬಣ್ಣದ ಸೀರೆ ಮಾಸಿದಂಗೆ ಅದೂ ಮಾಸ್ತದೆ. ಬರೆಯೋದು ಒಳಗಿನಿಂದ ಹೊರಗೆ. ಅಂಚು ಬೇಗ ಕೆಡ್ತದೆ, ಅಂಚಲ್ಲಿರೋದೇ ಕೊನೆ ಭಾಗ. ನಮ್ಮತ್ತೆ ಹಾಡು ಇದ್ದಿದ್ದು ಅಲ್ಲೇ.

ಇವಾಗ ಡಿಸ್ಕು ತಗೊಳ್ಳೋ ವಿಚಾರ. ಆರ್‌ಡಬ್ಲ್ಯೂ ಅಂತ ಇರೋದು ಅಳಿಸಿ ಅಳಿಸಿ ಬರೆಯೋದು, ಸ್ಲೇಟು ಇದ್ದಂಗೆ, ಇಡೋದಕ್ಕಲ್ಲ. ಇಡೋದಕ್ಕೆ ಡಿವಿಡಿ ಮೈನಸ್ ಆರ್ ಇಲ್ಲಾ ಪ್ಲಸ್ ಆರ್. ಹಳೇ ಪ್ಲೇಯರ್ ಇರೋ ಮನೆಗಾದ್ರೆ ಮೈನಸ್ ಆರ್ ತಗೊಳ್ಳಿ, ತಕರಾರು ಕಮ್ಮಿ. ಕವರ್ ಇಲ್ದೆ ಬಿಡಿ ಬಿಡಿಯಾಗಿ, ಹೆಸರಿಲ್ದೆ ಮಾರೋದು ಬೇಡ. ಅಗ್ಗ ಅಂತ ಮುಗ್ಗಿದ ಜೋಳ ಕೊಂಡಂಗೆ ಆಗ್ತದೆ. ಹಂಗಂತ ಡಬ್ಬಿ ಮೇಲಿನ ಹೆಸರನ್ನೇ ನಂಬ್ಕೊಂಡೂ ಕೂರಬೇಡಿ. ಒಂದು ಕಂಪನಿ ಹೆಸರಲ್ಲಿ ಇನ್ನೊಂದು ಕಾರ್ಖಾನೆ ಮಾಲು ಬರ್ತದೆ. ಕಂಪನಿಗಳೂ ಕೈ ಬದಲಾಗ್ತವೆ. ನಮ್ಮ ದೇಶದ್ದೇ ಮೋಸರ್ ಬೇಯರ್ ಒಂದು ಕಾಲಕ್ಕೆ ಎಲ್ಲಾ ಅಂಗಡೀಲೂ ಇತ್ತು, 2018ರಲ್ಲಿ ಅದನ್ನ ಮುಚ್ಚಿ ಆಸ್ತಿ ಮಾರೋಕೆ ಆದೇಶ ಆಯ್ತು. ವರ್ಬೇಟಿಮ್ ಅನ್ನೋದು ಜಪಾನಿನ ಮಿತ್ಸುಬಿಷಿ ಕೈಲಿತ್ತು, 2019ರಲ್ಲಿ ತೈವಾನಿನ ಸಿಎಂಸಿ ತಗೊಂತು. ಅದಕ್ಕೇ ಒಂದೇ ಸಲ ನೂರರ ಕಟ್ಟು ತರಬೇಡಿ. ಐದು ತಂದು, ಒಂದು ಬರ್ನ್ ಮಾಡಿ ನೋಡಿ, ಚೆನ್ನಾಗಿದ್ರೆ ಮತ್ತೆ ತನ್ನಿ.

ಸಾಫ್ಟ್‌ವೇರ್ ವಿಚಾರದಲ್ಲಿ ನನ್ನ ಮಗಳಿಗೂ ನಂಗೂ ಜಗಳ. ಅವಳಿಗೆ ಹೂವು ಬಳ್ಳಿ ಇರೋ ಮೆನು ಬೇಕು. ನಂಗೆ ಬರೆದ ಮೇಲೆ ಸರಿಯಾಗಿ ಬರೆದೈತಾ ಅಂತ ತಾನೇ ಪರೀಕ್ಷೆ ಮಾಡೋದು ಬೇಕು. ಅದಕ್ಕೆ ವೆರಿಫೈ ಅಂತಾರೆ. ಕೊನೆಗೆ ಎರಡು ಇಟ್ಕೊಂಡಿದೀವಿ. ಡಿವಿಡಿ ಸ್ಟೈಲರ್ ಅಂತ ಒಂದು, ದುಡ್ಡಿಲ್ಲ, ಮೆನು ಮಾಡಿ ಪ್ಲೇಯರಲ್ಲಿ ಓಡೋ ರೂಪಕ್ಕೆ ತಂದುಕೊಡ್ತದೆ. ಮೊಬೈಲ್ ವಿಡಿಯೋನ ಅಂಗೇ ಡಿಸ್ಕಿಗೆ ಹಾಕಿದ್ರೆ ಹಳೇ ಪ್ಲೇಯರು ಓದಲ್ಲ, ಅದಕ್ಕೆ ಇದು ಬೇಕು. ಅದರಲ್ಲಿ ಪಾಲ್, ಎನ್‌ಟಿಎಸ್‌ಸಿ ಅಂತ ಕೇಳ್ತದೆ. ನಮ್ಮ ದೇಶಕ್ಕೆ ಪಾಲ್. ಅಮೆರಿಕಾದ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ಅಲ್ಲಿರೋ ಮಕ್ಕಳಿಗೆ ಕಳಿಸೋದಾದ್ರೆ ಬೇರೆ ಮಾಡಿ, ಇಲ್ಲಾ ಬರೀ ಫೈಲ್ ಕಳಿಸಿ.

ಇನ್ನೊಂದು ಇಮ್ಗ್‌ಬರ್ನ್. ಅದೂ ದುಡ್ಡಿಲ್ಲ. 2013ರಿಂದ ಹೊಸದು ಬಂದಿಲ್ಲ, ನೋಡೋಕೆ ಹಳೇ ಸ್ಟೀಲ್ ಡಬ್ಬಿ ಥರ ಐತೆ, ಕೆಲಸ ಮಾತ್ರ ಗಟ್ಟಿ. ಬರೀತದೆ, ವೆರಿಫೈ ಮಾಡ್ತದೆ, ಡಿಸ್ಕಿನ ಒಳಗಿರೋ ತಯಾರಕರ ಗುರುತೂ ತೋರಿಸ್ತದೆ. ಹಾಕ್ಕೊಳ್ಳೋವಾಗ ಜೊತೆಗೆ ಬೇರೆ ಬೇರೆ ಹಾಕ್ಲಾ ಅಂತ ಕೇಳಿದ್ರೆ ಓದಿ ಬೇಡ ಅನ್ನಿ. ಬರೀ ಫೋಟೋ ಫೈಲ್ ಇಡೋದಕ್ಕೆ ವಿಂಡೋಸೇ ಸಾಕು. ಖಾಲಿ ಡಿಸ್ಕು ಹಾಕಿದಾಗ ಯುಎಸ್‌ಬಿ ಥರಾನಾ, ಸಿಡಿ ಡಿವಿಡಿ ಪ್ಲೇಯರ್ ಥರಾನಾ ಅಂತ ಕೇಳ್ತದಲ್ಲ, ಎರಡನೇದು ಒತ್ತಿ.

ದೊಡ್ಡ ತಪ್ಪು ಆಗೋದು ಅವಸರದಲ್ಲಿ. ಡಿಸ್ಕಿನ ಮೇಲೆ 16ಎಕ್ಸ್ ಅಂತ ಇರ್ತದೆ, ಅದು ಅದರ ಗರಿಷ್ಠ ವೇಗ, ಅಷ್ಟರಲ್ಲೇ ಬರೀಬೇಕು ಅಂತ ಅಲ್ಲ. ಜೋರು ಉರೀಲಿ ಒಬ್ಬಟ್ಟು ಬೇಯಿಸಿದ್ರೆ ಮೇಲೆ ಸೀದು ಒಳಗೆ ಹಸಿ. ನಾನು 8ಎಕ್ಸ್ ಇಡ್ತೀನಿ, ಹತ್ತು ನಿಮಿಷ ಹಿಡೀತದೆ, ವೆರಿಫೈಗೆ ಇನ್ನಷ್ಟು. ತೀರಾ ನಿಧಾನಾನೂ ಬೇಡ, ಈಗಿನ ಡಿಸ್ಕು ಅದಕ್ಕೆ ಮಾಡಿದ್ದಲ್ಲ. ತುಂಬಾ ತುರುಕಲೂಬಾರದು. 4.7 ಜಿಬಿ ಅಂತ ಬರೆದಿದ್ರೂ ಕಂಪ್ಯೂಟರ್ ಲೆಕ್ಕದಲ್ಲಿ ಹತ್ತಿರ ಹತ್ತಿರ 4.38 ಅಷ್ಟೇ. ಒಂದು ಡಿಸ್ಕಿಗೆ ಎರಡು ಗಂಟೆ ವಿಡಿಯೋ ಸಾಕು. ನಾಲ್ಕು ಗಂಟೆ ಮದುವೆ ಅಂದ್ರೆ ಎರಡು ಡಿಸ್ಕು ಮಾಡಿ, ಅಂಚಿಗೆ ಸ್ವಲ್ಪ ಜಾಗ ಬಿಡಿ.

ಮೇಲೆ ಕಾಗದ ಅಂಟಿಸಬೇಡಿ, ತೂಕ ತಪ್ತದೆ, ಅಂಟು ಇಳೀತದೆ. ಬಾಲ್ ಪೆನ್ ಬೇಡ. ಡಿಸ್ಕಿಗೇ ಅಂತ ಬರೋ ಮಾರ್ಕರಲ್ಲಿ ಮಧ್ಯದ ಪಾರದರ್ಶಕ ಬಳೆ ಮೇಲೆ ಹೆಸರು, ವರ್ಷ ಬರೀರಿ. ಟಿವಿ ಮೇಲೆ, ಫ್ರಿಜ್ ಮೇಲೆ, ಶೀಟಿನ ಮನೆ ಅಟ್ಟದ ಮೇಲೆ ಇಡಬೇಡಿ. ಗಟ್ಟಿ ಕೇಸಲ್ಲಿ, ಪುಸ್ತಕದ ಥರ ನಿಲ್ಲಿಸಿ ಇಡಿ. ಒರೆಸೋದಾದ್ರೆ ಮಧ್ಯದಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಬೇಡಿ.

"ಈ ಕಾಲದಲ್ಲಿ ಯಾರೇ ಡಿವಿಡಿ ಮಾಡ್ತಾರೆ, ಪೆನ್‌ಡ್ರೈವ್ ಸಾಕು" ಅಂತ ನಮ್ಮನೆಯವ್ರು ನಗ್ತಾರೆ. ಅವರ ಮಾತಲ್ಲೂ ನ್ಯಾಯ ಐತೆ. ಲ್ಯಾಪ್‌ಟಾಪಲ್ಲಿ ಇವಾಗ ಡಿಸ್ಕಿಗೆ ಜಾಗಾನೇ ಇಲ್ಲ, ಹೊರಗಿಂದ ಸಿಕ್ಕಿಸೋ ರೈಟರ್ ತರಬೇಕು. ಆದ್ರೆ ಪೆನ್‌ಡ್ರೈವ್ ಒಬ್ಬರು ಸಿನಿಮಾಗೆ ಕೇಳ್ತಾರೆ, ಇನ್ನೊಬ್ಬರು ಫಾರ್ಮ್ಯಾಟ್ ಮಾಡ್ತಾರೆ. ಒಂದು ಸಲ ಬರೆದ ಡಿಸ್ಕನ್ನ ಯಾರೂ ಅಳಿಸೋಕಾಗಲ್ಲ, ಅದೇ ಅದರ ಗುಣ. ಹಂಗಂತ ಡಿಸ್ಕೊಂದನ್ನೇ ನಂಬಿ ನಾನು ಕೆಟ್ಟೆ. ಎರಡು ಬೇರೆ ಕಂಪನಿ ಡಿಸ್ಕು, ಜೊತೆಗೆ ಹಾರ್ಡ್‌ಡಿಸ್ಕಲ್ಲಿ ಒಂದು ಪ್ರತಿ, ಅದರಲ್ಲಿ ಒಂದು ಬೇರೆ ಊರಿನ ಮನೇಲಿ ಇರ್ಲಿ.

ನಮ್ಮೂರಿಗೆ ಇದು ಹೊಸ ಮಾತಲ್ಲ. 1938ರ ಏಪ್ರಿಲ್ 25ರಂದು ಇಲ್ಲಿ ಧ್ವಜ ಸತ್ಯಾಗ್ರಹದಲ್ಲಿ ಗುಂಡು ಹಾರಿಸಿದ್ರಲ್ಲ, ಸತ್ತೋರು ಎಷ್ಟು ಜನ ಅಂತ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಒಂದು. ಸರಿಯಾಗಿ ಬರೆದಿಡದೇ ಇದ್ದಿದ್ದು ಆಮೇಲೆ ಸಿಗಲ್ಲ.

ನಮ್ಮತ್ತೆ ಹಾಡು ಏನಾಯ್ತು ಅಂತೀರಾ? ವಾರಗಿತ್ತಿ ಅವರ ಡಿಸ್ಕಿಗೆ ಕಾಗದ ಅಂಟಿಸಿರ್ಲಿಲ್ಲ, ಬೀರು ಒಳಗೆ ಸೀರೆ ಮಧ್ಯೆ ಇಟ್ಟಿದ್ರು. ನಮ್ಮ ರೈಟರಲ್ಲಿ ಅದೂ ಓದ್ಲಿಲ್ಲ. ಭಾವನೋರ ಹಳೇ ಕಂಪ್ಯೂಟರಲ್ಲಿ ಹಾಕಿದ್ರೆ ಓದ್ತು. ಒಂದು ಡ್ರೈವ್ ಓದದ್ದನ್ನ ಇನ್ನೊಂದು ಓದ್ತದೆ, ಅದಕ್ಕೆ ಓದ್ಲಿಲ್ಲ ಅಂತ ತಕ್ಷಣ ಎಸೀಬೇಡಿ. ಹಾಡಿನ ಕೊನೇ ಸಾಲು ಮಾತ್ರ ಹೋಗೈತೆ. ಮಗಳು ಮೂರು ಸಲ ಕೇಳಿದ್ಲು, ಆಮೇಲೆ ಅವಳೇ ಹೋಗಿ ಒಳ್ಳೇ ಡಿಸ್ಕು ತಂದ್ಲು.

ಈ ಭಾನುವಾರ ನಿಮ್ಮ ಮನೇಲಿರೋ ಹಳೇ ಡಿವಿಡಿ ತೆಗೆದು ಕೊನೇವರೆಗೂ ಹಾಕಿ ನೋಡ್ರಮ್ಮ, ಶುರು ಮಾತ್ರ ನೋಡಿ ಬಿಡಬೇಡಿ. ಡ್ರೈವ್ ಇಲ್ಲದೋರು ನಮ್ಮನೆಗೆ ಬನ್ನಿ. ಖಾಲಿ ಡಿಸ್ಕು ನೀವು ತನ್ನಿ, ಕಾಫಿ ನಾನು ಕೊಡ್ತೀನಿ.