ಭಾನುವಾರದ ಓಟವೂ ಬಲಿಪೂಜೆಯೂ
ಮ್ಯಾರಥಾನ್‌ನ 42.195 ಕಿಲೋಮೀಟರ್ ಓಟಕ್ಕೆ ಸಿದ್ಧರಾಗುವ ನಮ್ಮ ಯುವಜನರು ಭಾನುವಾರ ನಸುಕಿನಲ್ಲಿಯೇ ಗೆಳೆಯರೊಡನೆ 30 ಕಿಲೋಮೀಟರುಗಳ ಅಭ್ಯಾಸಕ್ಕೆ ಹೊರಡುತ್ತಾರೆ. ಬಲಿಪೂಜೆ ತಪ್ಪಿತೆಂದು ಮನೆಯ ಹಿರಿಯರು ಮುನಿಯುತ್ತಾರೆ. ಮುನಿಸಿನಲ್ಲಿ ನ್ಯಾಯವಿದೆ. ಆದರೆ ಓಟವನ್ನೇ ಹಳಿಯುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಸಂತ ಪೌಲರು ಭಕ್ತರಿಗೆ ಮಾದರಿಯಾಗಿ ತೋರಿದ್ದು ಓಟಗಾರನ ಸಂಯಮವನ್ನೇ ಅಲ್ಲವೆ? ಮೈಯಲ್ಲಿ ಕೂಡಿಟ್ಟ ಸಕ್ಕರೆಯಂಶ ಬರಿದಾಗಿ ಕಾಲು ಸೋತವನಿಗಾಗಿ, ತಾನೂ ದಣಿದಿರುವ ಗೆಳೆಯನು ವೇಗ ತಗ್ಗಿಸಿ ಜೊತೆಗೂಡುತ್ತಾನೆ. ಇಂತಹ ತಾಳ್ಮೆಯನ್ನು ನಮ್ಮ ಎಷ್ಟು ಸಂಘಗಳು ಕಲಿಸಿವೆಯೋ!

ಪೂಜೆಯನ್ನು ಬಿಡಬೇಕಾದ ಅಗತ್ಯವೂ ಇಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಶನಿವಾರ ಸಂಜೆಯ ಪೂಜೆಯಿಂದಲೂ ಭಾನುವಾರದ ಕಟ್ಟಳೆ ನೆರವೇರುತ್ತದೆ. ಆ ಪೂಜೆಯಿಲ್ಲದ ಧರ್ಮಕೇಂದ್ರಗಳಲ್ಲಿ ಹಿರಿಯರೇ ಮುಂದಾಗಿ ಗುರುಗಳನ್ನು ಕೇಳಿಕೊಳ್ಳಲಿ. ಮಕ್ಕಳೊಡನೆ ತಾವೂ ಬಂದು ಕುಳಿತುಕೊಳ್ಳಲಿ.