ಮನಸ್ಸಿಗೆ ದಶಮಾಂಶ ಕಟ್ಟಿದವರು

2.9013. ಒಂದು ಪಾಲು ನೋವಿಗೆ ಇಷ್ಟು ಪಾಲು ನಲಿವಿದ್ದರೆ ಮನುಷ್ಯ ಅರಳುತ್ತಾನೆ, ಇದಕ್ಕಿಂತ ಇಳಿದರೆ ಬಾಡುತ್ತಾನೆ ಎಂದು ಮನೋವಿಜ್ಞಾನಿಗಳಾದ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಷಿಯಲ್ ಲೊಸಾಡಾ 2005ರಲ್ಲಿ ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆಯಲ್ಲಿ ಬರೆದರು. 11.6346 ದಾಟಿದರೆ ಅದೂ ಕೆಡುಕಂತೆ. ನಾಲ್ಕು ದಶಮಾಂಶ! ಜ್ವರ ಅಳೆಯಲೂ ನಮಗೆ ಒಂದು ದಶಮಾಂಶ ಸಾಕು.

ಈ ಸಂಖ್ಯೆ ಹುಟ್ಟಿದ್ದು ಅವರ ಅಧ್ಯಯನದಲ್ಲಿ 28 ದಿನ ತಮ್ಮ ಭಾವನೆಗಳನ್ನು ದಾಖಲಿಸಿದ 188 ವಿದ್ಯಾರ್ಥಿಗಳಿಂದಲ್ಲ. ಕೆಳಗಿನಿಂದ ಕಾದ ದ್ರವ ಹೇಗೆ ಹೊರಳುತ್ತದೆಂದು ತಿಳಿಯಲು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಸ್ 1963ರಲ್ಲಿ ಬರೆದ ಸಮೀಕರಣಗಳಿಂದ. ಅಲ್ಲಿ ಆತ ಉದಾಹರಣೆಗೆಂದು ಇಟ್ಟುಕೊಂಡಿದ್ದ 10 ಮತ್ತು 8/3 ಎಂಬ ಬೆಲೆಗಳನ್ನೇ ಲೊಸಾಡಾ ಎತ್ತಿಕೊಂಡರು. ಆ ಬೆಲೆಗಳನ್ನು ಬದಲಿಸಿ ನೋಡಿ, ಮನುಷ್ಯನ ಸುಖದ ಗಡಿಯೂ ಬದಲಾಗುತ್ತದೆ. ದ್ರವದ ಗುಣವನ್ನು ಹೇಳುವ ಸಂಖ್ಯೆಗೂ ಮಗನನ್ನು ಕಳೆದುಕೊಂಡ ತಾಯಿಯ ದುಃಖಕ್ಕೂ ಯಾವ ಸಂಬಂಧ? ಈ ಒಂದು ಪ್ರಶ್ನೆಗೆ ಆ ಲೇಖನದಲ್ಲಿ ಉತ್ತರವಿಲ್ಲ.

ಖಿನ್ನತೆಗೆ ಚಿಕಿತ್ಸೆ ಪಡೆದವರ ಅಧ್ಯಯನವೊಂದನ್ನೂ ಅವರು ಬೆಂಬಲಕ್ಕೆ ಕರೆದರು. ಚೆನ್ನಾಗಿ ಗುಣವಾದವರ ಅನುಪಾತ 4.3, ಗುಣವಾಗದವರದು 0.7. ಗುಣವಾಗುವುದೆಂದರೆ ನಲಿವು ಹೆಚ್ಚುವುದೇ ಅಲ್ಲವೇ? ಇದರಿಂದ ಯಾವ ಗಡಿ ಸಾಬೀತಾಯಿತು?

ವರ್ಷಗಟ್ಟಲೆ ಇದನ್ನು ಕೇಳಿದವರು ವಿರಳ. ಗಟ್ಟಿಯಾಗಿ ಕೇಳಿದ್ದು ಲಂಡನ್ನಿನಲ್ಲಿ ಅರೆಕಾಲಿಕವಾಗಿ ಸ್ನಾತಕೋತ್ತರ ಓದುತ್ತಿದ್ದ, ಐವತ್ತು ದಾಟಿದ ನಿಕ್ ಬ್ರೌನ್. ಭೌತವಿಜ್ಞಾನಿ ಅಲನ್ ಸೋಕಲ್ ಮತ್ತು ಮನೋವಿಜ್ಞಾನಿ ಹ್ಯಾರಿಸ್ ಫ್ರೀಡ್‌ಮನ್ ಜೊತೆಗೂಡಿದರು. 2013ರಲ್ಲಿ ಈ ಮೂವರ ವಿಮರ್ಶೆಗೆ ಇಡೀ ಕಟ್ಟಡ ಉರುಳಿತು. ಹಾಗಾದರೆ ಅಷ್ಟು ದಿನ ಪ್ರಾಧ್ಯಾಪಕರೆಲ್ಲ ಏನು ಓದುತ್ತಿದ್ದರು? ಸಮೀಕರಣ ಕಂಡೊಡನೆ ಕೈಮುಗಿಯುವ ಈ ಭಯಭಕ್ತಿ ಮನೋವಿಜ್ಞಾನವೊಂದರದ್ದೇ ಅಲ್ಲ. ನೌಕರನ ದುಡಿಮೆಗೆ ಅಂಕ, ಶಾಲೆಯ ಮಗುವಿಗೆ ಅಂಕ, ಈಗ ಫೋನಿನ ಆ್ಯಪ್‌ನಲ್ಲಿ ಇವತ್ತಿನ ಮನಸ್ಥಿತಿಗೂ ಅಂಕ. ಅಂಕ ಕಡಿಮೆ ಬಂದರೆ ತಪ್ಪು ನಿಮ್ಮದೇ. ಸಂಬಳ ಕೊಡದ ಮಾಲೀಕನದ್ದಲ್ಲ, ಹೊಡೆಯುವ ಗಂಡನದ್ದಲ್ಲ. ನಲಿವು ಸಾಲದೆಂದು ಖಿನ್ನತೆಯಲ್ಲಿರುವವರಿಗೆ ಹೇಳುವುದು ಚಿಕಿತ್ಸೆಯಲ್ಲ, ಅದು ಕ್ರೌರ್ಯ.

ಪತ್ರಿಕೆ ಗಣಿತದ ಭಾಗವನ್ನಷ್ಟೇ ಹಿಂತೆಗೆದುಕೊಂಡಿತು. ಲೇಖನ ಉಳಿಯಿತು. ಗಣಿತ ಹೋದರೂ ಅನುಪಾತದ ಮಹತ್ವ ಹೋಗಿಲ್ಲವೆಂದು ಫ್ರೆಡ್ರಿಕ್ಸನ್ ವಾದಿಸಿದರು. ನಲಿವು ಹೆಚ್ಚಿದ್ದರೆ ಒಳ್ಳೆಯದು ಎನ್ನುವುದಕ್ಕೆ ವಿಜ್ಞಾನಿಯೇ ಬೇಕೆ? ಅವರು ಮಾರಿದ್ದು ಆ ಮಾತನ್ನಲ್ಲ, ಗಡಿಯನ್ನು. ತಮ್ಮ ‘ಪಾಸಿಟಿವಿಟಿ’ ಪುಸ್ತಕದ ಒಂದು ಆವೃತ್ತಿಯ ಮುಖಪುಟದಲ್ಲಿ ಬದುಕು ಬದಲಿಸುವ ಮೂರಕ್ಕೊಂದರ ಅನುಪಾತವೆಂದು ಅಚ್ಚು ಹಾಕಿಸಿದ್ದೂ ಅದನ್ನೇ. ಪತ್ರಿಕೆ ಆ ಲೇಖನವನ್ನು ಪೂರ್ತಿಯಾಗಿ ಹಿಂತೆಗೆದುಕೊಳ್ಳಲಿ.