ಡಬ್ಬಿ ಗಾಡಿಯ ಪರವಾಗಿ

ಮನೆಗೆ ಕಾರು ತರುವ ಮಾತು ಬಂದರೆ ಈಗ ಕೇಳುವ ಪ್ರಶ್ನೆ ಒಂದೇ: ಯಾವ ಎಸ್‌ಯುವಿ? ಎಸ್‌ಯುವಿಯೇ ಯಾಕೆ ಎಂದು ಕೇಳುವವರು ಅಪರೂಪ. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಎಸ್‌ಯುವಿ, ಎಂಪಿವಿ ಸೇರಿದ ಯುಟಿಲಿಟಿ ವರ್ಗದವು. ವ್ಯಾನುಗಳ ಲೆಕ್ಕ ಒಂದೂವರೆ ಲಕ್ಷದಷ್ಟು. ಈ ಅಂಕಿಗಳನ್ನೇ ಹಿಡಿದುಕೊಂಡು ‘ವ್ಯಾನು ಇರೋದು ಸಾಮಾನು ಹೊರೋಕೆ, ಸಂಸಾರಕ್ಕಲ್ಲ’ ಎಂದು ತೀರ್ಪು ಕೊಡುವವರು ಶೋರೂಮಿನಲ್ಲೂ ಇದ್ದಾರೆ, ನೆಂಟರಲ್ಲೂ ಇದ್ದಾರೆ. ಆ ತೀರ್ಪು ಅವಸರದ್ದು. ಅಜ್ಜ ಅಜ್ಜಿ, ಮಕ್ಕಳು ಸೇರಿ ಐದಾರು ಜನ ವಾರವಾರವೂ ಒಟ್ಟಿಗೆ ಓಡಾಡುವ ಮನೆಗೆ, ಅದರಲ್ಲೂ ಆದಾಯ ಅಷ್ಟಕ್ಕಷ್ಟೇ ಇರುವ ಮನೆಗೆ, ಪೆಟ್ಟಿಗೆಯಂಥ ವ್ಯಾನಿನಷ್ಟು ಹೊಂದುವ ಗಾಡಿ ಬೇರೆ ಸಿಗುವುದು ಕಷ್ಟ. ಇದಕ್ಕೆ ಒಂದು ದೊಡ್ಡ ಷರತ್ತೂ ಇದೆ. ಅದು ಸುರಕ್ಷತೆಗೆ ಸಂಬಂಧಿಸಿದ್ದು.

ಕುಟುಂಬದ ವ್ಯಾನು ಎಂಬ ಕಲ್ಪನೆ ಬಡತನದಿಂದ ಹುಟ್ಟಿದ್ದಲ್ಲ. 1983ರ ಕೊನೆಯಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ಎಂಬ ಜಾರುಬಾಗಿಲಿನ ವ್ಯಾನುಗಳನ್ನು ಹೊರತಂದಿತು. ಮುಳುಗುವ ಸ್ಥಿತಿಗೆ ಹೋಗಿ ಬಂದಿದ್ದ ಆ ಕಂಪನಿ ಚೇತರಿಸಿಕೊಂಡದ್ದರಲ್ಲಿ ಇವುಗಳ ಪಾಲು ದೊಡ್ಡದು. ಮರುವರ್ಷ ಫ್ರಾನ್ಸಿನಲ್ಲಿ ರೆನೋ ಎಸ್ಪಾಸ್ ಬಂತು. ಅದೇ 1984ರಲ್ಲಿ ಭಾರತದಲ್ಲಿ ಮಾರುತಿ ವ್ಯಾನು ರಸ್ತೆಗಿಳಿಯಿತು. ಮಾರುತಿ 800ರಲ್ಲಿದ್ದ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನೇ ಇದಕ್ಕೂ. ನಾಲ್ಕು ವರ್ಷದ ಬಳಿಕ ಹೆಸರು ಓಮ್ನಿ ಎಂದಾಯಿತು. 2019ರಲ್ಲಿ ತಯಾರಿಕೆ ನಿಲ್ಲುವವರೆಗೆ ಅದು ಮಾಡದ ಕೆಲಸವಿಲ್ಲ: ಶಾಲೆಯ ಮಕ್ಕಳು, ಅಡುಗೆ ಭಟ್ಟರ ಪಾತ್ರೆ, ಮದುವೆಯ ದಿಬ್ಬಣ, ಅಡಿಕೆ ಮೂಟೆ, ತುರ್ತಿಗೆ ಆಂಬುಲೆನ್ಸು. ಕರಾವಳಿ, ಮಲೆನಾಡಿನ ಪೇಟೆಗಳಲ್ಲಿ ಓಮ್ನಿಗಳೇ ಸಾಲಾಗಿ ನಿಂತ ಟ್ಯಾಕ್ಸಿ ಸ್ಟ್ಯಾಂಡುಗಳಿದ್ದವು. ಆದರೆ ಸಿನಿಮಾದವರು ಅದಕ್ಕೆ ಕೊಟ್ಟ ಪಾತ್ರ ಒಂದೇ, ಕಿಡ್ನಾಪ್. ಬಾಗಿಲು ಸರ್ರನೆ ಸರಿಯುವುದು, ನಾಯಕಿಯನ್ನು ಒಳಗೆಳೆದುಕೊಳ್ಳುವುದು, ಗಾಡಿ ಹೊರಡುವುದು. ಖಳರಿಗೆ ಅನುಕೂಲವಾದ ಆ ಬಾಗಿಲು ಮನೆಯವರಿಗೆ ಇನ್ನೂ ಹೆಚ್ಚು ಅನುಕೂಲ ಎಂಬುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ಆ ಬಾಗಿಲಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಆಡಬೇಕು. ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆ, ಒಂದು ಮಗ್ಗುಲಲ್ಲಿ ಸ್ಕೂಟರುಗಳ ಸಾಲು, ಇನ್ನೊಂದು ಮಗ್ಗುಲಲ್ಲಿ ಗೋಡೆ ಇರುವಲ್ಲಿ, ಮಾಮೂಲಿ ಕಾರಿನ ಬಾಗಿಲು ಅರ್ಧ ತೆರೆಯುವುದೇ ಹೆಚ್ಚು. ಮೊಣಕಾಲು ನೋವಿನ ಅಜ್ಜಿ ಆ ಸಂದಿಯಲ್ಲಿ ಮೊದಲು ತಲೆ ತಗ್ಗಿಸಬೇಕು, ಆಮೇಲೆ ಸೊಂಟ ತಿರುಗಿಸಬೇಕು, ಕೊನೆಗೆ ಒಂದು ಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಳ್ಳಬೇಕು. ಜಾರುಬಾಗಿಲು ಪೂರ್ತಿ ಹಿಂದಕ್ಕೆ ಸರಿಯುತ್ತದೆ, ಚಾವಣಿ ಎತ್ತರ, ಕಂಬಿ ಹಿಡಿದು ಹತ್ತಿ ನೇರ ಸೀಟಿನ ಮೇಲೆ ಕೂತರಾಯಿತು. ಮಗು ಅವಸರದಲ್ಲಿ ಬಾಗಿಲು ತಳ್ಳಿದರೂ ಪಕ್ಕದಲ್ಲಿ ಬರುವ ಬೈಕಿನವನಿಗೆ ಅದು ಬಡಿಯುವುದಿಲ್ಲ.

ಇದೆಲ್ಲ ಬಡವರ ಸಮಾಧಾನ ಎನ್ನುವವರು ಸಿರಿವಂತರ ಪೋರ್ಟಿಕೋ ಕಡೆಗೊಮ್ಮೆ ಕಣ್ಣು ಹಾಯಿಸಬೇಕು. ಚಿತ್ರತಾರೆಯರು, ಉದ್ಯಮಿಗಳು ಕೋಟಿ ದಾಟುವ ಬೆಲೆ ತೆತ್ತು ಕೊಳ್ಳುವ ಟೊಯೊಟಾ ವೆಲ್‌ಫೈರ್ ಏನು? ಜಾರುಬಾಗಿಲಿನ ಎತ್ತರದ ಡಬ್ಬಿಯೇ. ಅರವತ್ತು ಲಕ್ಷದ ಆಸುಪಾಸಿನ ಕಿಯಾ ಕಾರ್ನಿವಲ್? ಅದೂ ಅದೇ ಜಾತಿ. ಆಕಾರ ಒಂದೇ, ಅದರ ಉಪಯೋಗವೂ ಒಂದೇ. ಐದು ಲಕ್ಷಕ್ಕೆ ಸಿಕ್ಕರೆ ಸಾಮಾನಿನ ಗಾಡಿ, ಕೋಟಿಗೆ ಸಿಕ್ಕರೆ ಐಷಾರಾಮಿ. ಕಲ್ಯಾಣ ಮಂಟಪದ ಗೇಟಿನಲ್ಲಿ ವ್ಯಾನಿನಿಂದ ಇಳಿದರೆ ಮರ್ಯಾದೆ ಹೋಗುತ್ತದೆ ಎನ್ನುವವರ ವಾದಕ್ಕೆ ಇಷ್ಟು ಉತ್ತರ ಸಾಕು.

ಇನ್ನು ಹಣದ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಉದ್ದದೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ದೊಡ್ಡವಕ್ಕೆ ಶೇ 40. ಮಾರುತಿ ಇಕೋ ವ್ಯಾನಿನ ಎಂಜಿನ್ 1197 ಸಿಸಿ, ಉದ್ದ 3675 ಮಿಲಿಮೀಟರ್, ಹಾಗಾಗಿ ಅದು ಸಣ್ಣ ಕಾರಿನ ಲೆಕ್ಕಕ್ಕೆ ಬಂತು. ಎಕ್ಸ್ ಶೋರೂಂ ಬೆಲೆ ಐದೂಕಾಲು ಲಕ್ಷದ ಆಸುಪಾಸಿನಿಂದ ಶುರು. ಏಳು ಜನ ಕೂರುವ ರೆನೋ ಟ್ರೈಬರ್ ಆರು ಲಕ್ಷದೊಳಗೆ ಶುರುವಾಗುತ್ತದೆ, ಎರ್ಟಿಗಾ ಒಂಬತ್ತು ಲಕ್ಷದ ಹತ್ತಿರ. ಇನೊವಾ ಕ್ರಿಸ್ಟಾ ಹದಿನೆಂಟು ಲಕ್ಷ ದಾಟುತ್ತದೆ. ಕರ್ನಾಟಕದಲ್ಲಿ ಇದರ ಮೇಲೆ ಜೀವಿತಾವಧಿ ತೆರಿಗೆಯೂ ಬೀಳುತ್ತದೆ: ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14, ಹತ್ತರಿಂದ ಇಪ್ಪತ್ತು ಲಕ್ಷದ್ದಕ್ಕೆ ಶೇ 17, ತೆರಿಗೆಯ ಮೇಲೆ ಸೆಸ್ ಬೇರೆ. ಇಕೋಗೆ ಇದು ಸುಮಾರು 80 ಸಾವಿರವಾದರೆ ಕ್ರಿಸ್ಟಾಗೆ ಮೂರೂವರೆ ಲಕ್ಷ. ಅಂದರೆ ಒಂದರ ತೆರಿಗೆಯಲ್ಲಿ ಇನ್ನೊಂದು ಗಾಡಿಯ ಮೂರರಲ್ಲಿ ಎರಡು ಪಾಲು ಬಂದುಬಿಡುತ್ತದೆ. ಥರ್ಡ್ ಪಾರ್ಟಿ ವಿಮೆಯಲ್ಲೂ ಇದೇ ಕಥೆ: 1000ದಿಂದ 1500 ಸಿಸಿವರೆಗೆ ವರ್ಷಕ್ಕೆ ಮೂಲ ಕಂತು 3,416 ರೂಪಾಯಿ, 1500 ದಾಟಿದರೆ 7,897.

ನಾಲ್ಕು ಮೀಟರಿನೊಳಗಿನ ಎಸ್‌ಯುವಿ ತಗೊಂಡರಾಯಿತಲ್ಲ ಎಂಬ ಮಾತು ಬರುತ್ತದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಸೀಟು ಐದೇ. ಹಿಂದೆ ನಡುವೆ ಕೂತವರಿಗೆ ಕಾಲು ಎಲ್ಲಿಡುವುದೆಂಬ ಚಿಂತೆ. ಆರನೆಯವರು ಬಸ್ಸಿಗೆ ಹೋಗಬೇಕು.

ಗೌರವದಿಂದ ಕೇಳಬೇಕಾದ ಆಕ್ಷೇಪಗಳು ಎರಡಿವೆ. ಮೊದಲನೆಯದು: ವರ್ಷಕ್ಕೆ ಎರಡು ಸಲ ಮನೆದೇವರಿಗೆ ಹೋಗಲು ಏಳು ಸೀಟು ಯಾಕೆ, ಸಣ್ಣ ಕಾರು ಇಟ್ಟುಕೊಂಡು ಆ ಎರಡು ದಿನ ಟೆಂಪೊ ಟ್ರಾವೆಲರ್ ಬಾಡಿಗೆಗೆ ತಂದರಾಗದೆ? ಗಂಡ, ಹೆಂಡತಿ, ಇಬ್ಬರು ಮಕ್ಕಳಿರುವ ಮನೆಗೆ ಈ ಮಾತು ನೂರಕ್ಕೆ ನೂರು ಸರಿ. ಅವರು ವ್ಯಾನು ಕೊಂಡರೆ ಖಾಲಿ ಸೀಟುಗಳಿಗೆ ಪೆಟ್ರೋಲ್ ಸುಟ್ಟಂತೆ. ಆದರೆ ಅಪ್ಪನಿಗೆ ವಾರಕ್ಕೆರಡು ಡಯಾಲಿಸಿಸ್, ಅಮ್ಮನಿಗೆ ಫಿಸಿಯೋಥೆರಪಿ, ಮೂವರು ಮಕ್ಕಳಿಗೆ ಶಾಲೆ, ಜೊತೆಗೆ ಶನಿವಾರ ಸಂತೆ ಇರುವ ಮನೆಯವರಿಗೆ ಬಾಡಿಗೆ ಗಾಡಿಯ ದಾರಿ ಕಾಯುತ್ತ ಕೂರಲಾಗುವುದಿಲ್ಲ.

ಎರಡನೆಯದು ಗಂಭೀರ. 2016ರ ಮೇ ತಿಂಗಳಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಕಾರುಗಳನ್ನು ಗೋಡೆಗೆ ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಇಕೋಗೆ ಒಂದು ನಕ್ಷತ್ರವೂ ಸಿಗಲಿಲ್ಲ. ಅದೇ ಪರೀಕ್ಷೆಯಲ್ಲಿ ದೈತ್ಯನಂತೆ ಕಾಣುವ ಸ್ಕಾರ್ಪಿಯೊಗೂ ಸಿಕ್ಕಿದ್ದು ಸೊನ್ನೆಯೇ ಎಂಬುದನ್ನು, ಗಾತ್ರವೇ ರಕ್ಷಣೆ ಎಂದು ನಂಬಿದವರು ನೆನಪಿಡಬೇಕು. ಆದರೂ ಅದು ಇಕೋಗೆ ಸಮರ್ಥನೆಯಾಗದು. ಸ್ಕಾರ್ಪಿಯೊ ಬಳಗ ಆಮೇಲೆ ಪಾಠ ಕಲಿಯಿತು. 2022ರಲ್ಲಿ ಸ್ಕಾರ್ಪಿಯೊ-ಎನ್‌ಗೆ ಐದು ನಕ್ಷತ್ರ ಬಂತು. ಅದಕ್ಕೂ ಮುನ್ನ, 2018ರಲ್ಲೇ, ಟಾಟಾ ನೆಕ್ಸಾನ್ ಐದು ಗಳಿಸಿತ್ತು. ಇಕೋಗೆ ಆರು ಏರ್‌ಬ್ಯಾಗ್ ಬಂದದ್ದು 2025ರಲ್ಲಿ, ಏಳು ಸೀಟಿನ ಬದಲು ಆರು ಸೀಟಿನ ಮಾದರಿ ಬಂದಾಗ. ಏರ್‌ಬ್ಯಾಗ್ ಹಾಕಿದ ಮಾತ್ರಕ್ಕೆ ಹಳೆಯ ಮೈಕಟ್ಟು ಗಟ್ಟಿಯಾಗುವುದಿಲ್ಲ. ಎಂಜಿನ್ ಮುಂದಿನ ಸೀಟಿನ ಕೆಳಗಿದೆ. ಡ್ರೈವರ್ ಕಾಲಿಗೂ ಎದುರಿನ ಲಾರಿಗೂ ನಡುವೆ ಇರುವುದು ಗಿಡ್ಡ ಮೂತಿ. ಎತ್ತರದ, ಹಗುರ ಗಾಡಿ ಹೆದ್ದಾರಿಯ ವೇಗದಲ್ಲಿ ಅಡ್ಡಗಾಳಿಗೆ ಓಲಾಡುತ್ತದೆ ಕೂಡ. ಸಂಸಾರವನ್ನು ಅಗ್ಗದ ವಾಹನದಲ್ಲಿ ಕೂರಿಸುವುದು ತಪ್ಪಲ್ಲ; ಅಗ್ಗ ಮಾಡುವ ನೆಪದಲ್ಲಿ ಕಂಪನಿಗಳು ವರ್ಷಗಟ್ಟಲೆ ಏರ್‌ಬ್ಯಾಗನ್ನು ದುಬಾರಿ ಮಾದರಿಗಳಿಗೆ ಮೀಸಲಿಟ್ಟದ್ದು ತಪ್ಪು, ಅದನ್ನು ಸರ್ಕಾರ ಸಹಿಸಿದ್ದು ಇನ್ನೂ ದೊಡ್ಡ ತಪ್ಪು. ಡ್ರೈವರ್ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯವಾಗಲು 2019 ಬರಬೇಕಾಯಿತು.

ಹಾಗಾದರೆ ಆಯ್ಕೆ ಹೇಗೆ? ಊರೊಳಗೆ, ಪಕ್ಕದ ತಾಲ್ಲೂಕಿನವರೆಗೆ, ಐವತ್ತು ಅರವತ್ತರ ವೇಗದಲ್ಲಿ ಓಡಾಡುವ, ಗಾಡಿಯಿಂದಲೇ ಅಂಗಡಿಗೋ ತೋಟಕ್ಕೋ ಸಾಮಾನು ತರುವ ಮನೆಗೆ ಇಕೋ ಒಳ್ಳೆಯ ಆಯ್ಕೆ, ಆದರೆ ಆರು ಏರ್‌ಬ್ಯಾಗಿನ ಹೊಸದು ಮಾತ್ರ. ಐದು ಸೀಟಿನದರ ಹಿಂದೆ 500 ಲೀಟರಿಗೂ ಹೆಚ್ಚು ಜಾಗವಿದೆ. ತಿಂಗಳಿಗೊಮ್ಮೆ ಶಿರಾಡಿಯೋ ಚಾರ್ಮಾಡಿಯೋ ಇಳಿದು ದೂರ ಹೋಗುವವರು ಇದನ್ನು ಬಿಡಬೇಕು. ಅವರಿಗೆ ಟ್ರೈಬರ್ ವಾಸಿ. ಅದು 2021ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ರಕ್ಷಣೆಗೆ ನಾಲ್ಕು ನಕ್ಷತ್ರ ಪಡೆದಿತ್ತು. ಆದರೆ ನಕ್ಷತ್ರವನ್ನು ಇಸವಿಯ ಸಮೇತ ಓದಬೇಕು: 2019ರಲ್ಲಿ ಮೂರು ಪಡೆದ ಎರ್ಟಿಗಾ, ನಿಯಮ ಬಿಗಿಯಾದ ಮೇಲೆ 2024ರಲ್ಲಿ ಒಂದಕ್ಕೆ ಇಳಿಯಿತು. ಟ್ರೈಬರಿನ 999 ಸಿಸಿ ಎಂಜಿನ್ ಏಳು ಜನರನ್ನು ಹೊತ್ತು ಘಟ್ಟ ಹತ್ತುವಾಗ ಏದುಸಿರು ಬಿಡುತ್ತದೆ. ಏಳೂ ಸೀಟು ತುಂಬಿದರೆ ಡಿಕ್ಕಿಯಲ್ಲಿ ಉಳಿಯುವುದು 84 ಲೀಟರ್, ಎರಡು ಚೀಲಕ್ಕೆ ಮುಗಿಯಿತು. ಕೊನೆಯ ಸಾಲನ್ನು ಕಳಚಿ ಮನೆಯಲ್ಲಿಟ್ಟು ಹೊರಟರೆ ಅದೇ ಜಾಗ 625 ಲೀಟರ್. ಹಾಗೆ ಕಳಚಲು ಬರುವುದೇ ಅದರ ನಿಜವಾದ ಗುಣ.

ಟೆಸ್ಟ್ ಡ್ರೈವಿಗೆ ಮನೆಯ ಯಜಮಾನ ಒಬ್ಬನೇ ಹೋಗಿ ಸ್ಟೀರಿಂಗ್ ಹಿಡಿದು ಬರುವ ಪದ್ಧತಿ ಬಿಡಬೇಕು. ಅಜ್ಜಿಯನ್ನು, ಮಕ್ಕಳನ್ನು, ಎರಡು ದೊಡ್ಡ ಬ್ಯಾಗುಗಳನ್ನು ಶೋರೂಮಿಗೇ ಕರೆದೊಯ್ಯಿರಿ. ಎಲ್ಲರೂ ಕೂತ ಮೇಲೆ ಬ್ಯಾಗು ಎಲ್ಲಿ ಹಿಡಿಯುತ್ತದೆ, ಪ್ರತಿ ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಇದೆಯೇ, ಅಜ್ಜಿ ಯಾರ ಆಸರೆಯೂ ಇಲ್ಲದೆ ಇಳಿಯಬಲ್ಲರೇ ಎಂದು ಅಲ್ಲೇ ನೋಡಿ. ಬುಕಿಂಗ್ ಹಣ ಕಟ್ಟುವುದು ಅದಾದ ಮೇಲೆ.